ಸೊಳ್ಳೆಯ ಕೊಳಲು ಕೇಳಿಸಬೇಕು

ನೂಲಿನ ಗಿರಣಿಯ ಬ್ಯಾಂಡಿಗೆ ಸೇರಲು ಬಂದವರಲ್ಲಿ ಹತ್ತಕ್ಕೆ ಒಬ್ಬರು ಉಳಿದರೆ ಹೆಚ್ಚು. ಆ ಜರಡಿಯನ್ನು ಹಿಡಿದವರು ಬ್ಯಾಂಡ್ ಮಾಸ್ತರರು. ೧೯೬೮ನೇ ಇಸವಿ ಆಗಸ್ಟ್ ೫, ಸೋಮವಾರದಂದು ಹತ್ತಿಯ ಉಗ್ರಾಣದ ಮೇಲಿನ ಕೋಣೆಯ ಬೀಗದ ಕೈ ಅವರ ವಶಕ್ಕೆ ಬಂದಾಗ ಅವರಿಗೆ ಇಪ್ಪತ್ನಾಲ್ಕು ವರ್ಷ. ಉದ್ದನೆಯ ಕೋಣೆ ಅದು. ನೆಲಹಲಗೆಗಳ ಸಂದಿನಿಂದ ಹತ್ತಿಯ ಎಳೆಗಳು ಮೇಲೆದ್ದು ಬಂದು ಊದುವವರ ಮೀಸೆಯ ಮೇಲೆ ಕೂರುತ್ತಿದ್ದವು. ಹಿತ್ತಾಳೆ ಉಜ್ಜಿದ ಬಟ್ಟೆಗಳ ಹುಳಿ ವಾಸನೆ ಗೋಡೆಗಳಿಗೇ ಅಂಟಿಕೊಂಡಿತ್ತು.

ಪರೀಕ್ಷೆಗಳು ಎರಡೇ. ಮೊದಲು ಮಾಸ್ತರರು ತಮ್ಮ ಕ್ಲ್ಯಾರಿನೆಟ್ಟಿನಲ್ಲಿ ಒಂದು ಸ್ವರ ಊದುವರು. ಬಂದವನು ತನ್ನ ವಾದ್ಯದಲ್ಲಿ ಅದೇ ಸ್ವರವನ್ನು ಹುಡುಕಿ ಹಿಡಿಯಬೇಕು. ಹಿಡಿಯಲಾರದವನನ್ನು ಅವರು ಬೈಯುತ್ತಿರಲಿಲ್ಲ. ಮುಂದಿನ ಶನಿವಾರ ಬಾ ಎಂದು ಕರೆಯುತ್ತಲೂ ಇರಲಿಲ್ಲ. ಯಾರೂ ಕರೆಯದ ಮೇಲೆ ಅವನು ತಾನಾಗಿಯೇ ಬರುವುದನ್ನು ಬಿಡುತ್ತಿದ್ದ.

ಎರಡನೆಯದು ಕಠಿಣ. ಮಾಸ್ತರರ ಭಾವಮೈದುನ ಬಣ್ಣದ ವಿಭಾಗದಲ್ಲಿ ಗುಮಾಸ್ತ, ಬ್ಯಾಂಡಿನಲ್ಲಿ ಕೊಳಲು. ಆಳು ತೆಳ್ಳಗೆ, ಅವನ ಉಸಿರು ಆಳಿಗಿಂತ ತೆಳ್ಳಗೆ. ಗಿರಣಿಯವರೆಲ್ಲ ಅವನನ್ನು ‘ಸೊಳ್ಳೆ’ ಎಂದೇ ಕರೆಯುತ್ತಿದ್ದರು. ಅವನೂ ಹಾಗೆ ಕರೆದರೇ ತಿರುಗಿ ನೋಡುತ್ತಿದ್ದ. ಬಂದವನು ಸೊಳ್ಳೆಯ ಪಕ್ಕದಲ್ಲಿ ನಿಂತು ಊದಬೇಕು. ಕೋಣೆಯ ಬಾಗಿಲಲ್ಲಿ ನಿಂತ ಮಾಸ್ತರರಿಗೆ ಸೊಳ್ಳೆಯ ಕೊಳಲು ಕೇಳಿಸಬೇಕು. ಕೇಳಿಸದಿದ್ದರೆ, ಊದಿದವನು ಎಂಥ ಪ್ರಚಂಡನಾದರೂ ಹೊರಕ್ಕೆ.

೧೯೭೯ರ ಏಪ್ರಿಲ್ ೧೪, ಶನಿವಾರ, ಬಾಯ್ಲರ್ ಫಿಟ್ಟರನ ಹದಿನೇಳು ವರ್ಷದ ಮಗ ಟ್ರಂಪೆಟ್ ಹಿಡಿದು ಬಂದ. ಮೊದಲ ಪರೀಕ್ಷೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವರ ಹಿಡಿದ. ಎರಡನೆಯದರಲ್ಲಿ ಅವನು ಊದಿದ ರಭಸಕ್ಕೆ ಕೆಳಗಿನ ನೂಲುವ ಶೆಡ್ಡಿನ ಇಬ್ಬರು, ಪಾಳಿ ಮುಗಿದ ಸೈರನ್ ಆಯಿತೆಂದುಕೊಂಡು ಊಟದ ಡಬ್ಬಿ ಎತ್ತಿಕೊಂಡು ಗೇಟಿನವರೆಗೂ ಹೋಗಿಬಿಟ್ಟರು.

“ಸೊಳ್ಳೆ ಕೇಳಿಸ್ತೇನಪ್ಪ ನಿಂಗೆ?” ಎಂದರು ಮಾಸ್ತರರು.

“ಇಲ್ಲ ಸಾರ್. ನಾನು ಊದ್ತಾ ಇದ್ದೆನಲ್ಲ.”

“ನಮಗೂ ಕೇಳಿಸ್ಲಿಲ್ಲ. ನೀನು ಊದ್ತಾ ಇದ್ದೆಯಲ್ಲ.”

ಸೊಳ್ಳೆಗೇ ಮನಸ್ಸು ಕರಗಿತು. “ಇರ್ಲಿ ಬಿಡಿ ಭಾವ. ಹುಡುಗ ಸ್ವರ ಎಷ್ಟು ಚೆನ್ನಾಗಿ ಹಿಡಿದ.”

“ಚೆನ್ನಾಗಿ ಹಿಡಿಯೋನೇ ಅಪಾಯ ಕಣೋ. ಸ್ವರ ಬರದೋನು ತಾನೊಬ್ಬ ಕೆಡ್ತಾನೆ. ಇವನು ಮನೆಯನ್ನೇ ಕೆಡಿಸ್ತಾನೆ.”

ಹುಡುಗ ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದ. ಅವನಿಗೆ ದಕ್ಕಿದ್ದು ‘ಸೈರನ್’ ಎಂಬ ಅಡ್ಡಹೆಸರು ಮಾತ್ರ.

೧೯೯೪ರಲ್ಲಿ ಗಿರಣಿಗೆ ಬೀಗ ಬಿತ್ತು. ೧೯೯೭ರಲ್ಲಿ ಸೊಳ್ಳೆ ತೀರಿಕೊಂಡ. ಅವನ ಕೊಳಲು ಅಕ್ಕನ ಮನೆಗೆ, ಎಂದರೆ ಮಾಸ್ತರರ ಮನೆಗೇ ಬಂದು, ಕನ್ನಡಿಯ ಪಕ್ಕದ ಮೊಳೆಗೆ ತೂಗಿತು. ಮಾಸ್ತರರಿಗೆ ಉಳಿದದ್ದು ಸಂಜೆಯ ಒಂದು ರೂಢಿ: ಚಹಾ ಮುಗಿಸಿ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ಬ್ಯಾಂಡಿನವರೆಲ್ಲ ಸೇರಿ ನುಡಿಸುತ್ತಿದ್ದ ಹಳೆಯ ‘ಮಾರ್ಚ್’ ನಡೆಯೊಂದನ್ನು ಒಬ್ಬರೇ ಊದುವುದು. ಬೇರೆ ವಾದ್ಯಗಳು ಬರಬೇಕಾದ ಕಡೆ ಅವರು ಸುಮ್ಮನೆ ಕಾಯುತ್ತಿದ್ದರು. ಆ ಮೌನದಲ್ಲಿ ಅವರಿಗೆ ಎಲ್ಲವೂ ಕೇಳಿಸುತ್ತಿತ್ತು. ಕೊಳಲಿನ ಸರದಿ ಬಂದಾಗ, ಒಳಗೆ ಪಾತ್ರೆ ಒರೆಸುತ್ತಿದ್ದ ಹೆಂಡತಿಯ ಕೈ ತಾನಾಗಿ ನಿಲ್ಲುತ್ತಿತ್ತು.

೨೦೦೦ದ ಡಿಸೆಂಬರಿನಲ್ಲಿ ಆ ರೂಢಿಗೆ ಸಂಚಕಾರ ಬಂತು. ಬೆಳಗ್ಗೆ ನೆಟ್ಟಗಿರುವ ರೆಪ್ಪೆ ಸಂಜೆಗೆ ಅಂಗಡಿಯ ಬಾಗಿಲಿನಂತೆ ಇಳಿಯತೊಡಗಿತು. ಆಮೇಲೆ ತುಟಿ. ನಾಲ್ಕು ಸ್ವರ ಊದುವಷ್ಟರಲ್ಲಿ ಹಿಡಿತ ಸಡಿಲಿ, ಗಾಳಿ ಬಾಯಿಯ ಅಂಚಿನಿಂದ ಬುಸ್ಸೆಂದು ಸೋರುತ್ತಿತ್ತು.

“ಏನ್ರೀ, ಊದ್ತಾ ಊದ್ತಾನೇ ನಿದ್ದೆನಾ?” ಎಂದು ನಕ್ಕ ಹೆಂಡತಿ, ರಾತ್ರಿ ಊಟದಲ್ಲಿ ಅವರು ಅಗಿಯಲಾರದೆ ತುತ್ತನ್ನು ತಟ್ಟೆಯ ಅಂಚಿಗಿಟ್ಟಾಗ ನಗಲಿಲ್ಲ.

೨೦೦೧ರ ಫೆಬ್ರವರಿ ೨೦, ಮಂಗಳವಾರ, ನರರೋಗದ ವೈದ್ಯರು ಬರೆದುಕೊಟ್ಟ ಚೀಟಿ ಹಿಡಿದು ದೊಡ್ಡಾಸ್ಪತ್ರೆಯ ಎದೆ ಶಸ್ತ್ರಚಿಕಿತ್ಸೆಯ ಕೋಣೆಗೆ ಇಬ್ಬರೂ ಕಾಲಿಟ್ಟಾಗ, ಮೇಜಿನಾಚೆಯ ವೈದ್ಯರು ಕುರ್ಚಿಯಿಂದ ಎದ್ದು ನಿಂತರು.

“ನಮಸ್ಕಾರ ಸಾರ್. ನಾನು ಸೈರನ್.”

ಮಾಸ್ತರರ ಹೆಂಡತಿ ಗಂಡನ ಕಿವಿಗೆ ಬಗ್ಗಿದರು. ಪಿಸುಮಾತೆಂದು ಅವರು ಆಡಿದ್ದು ನರ್ಸಿಗೂ ಕೇಳಿಸಿತು. “ನೀವು ಅವನನ್ನ ಹೊರಗೆ ಹಾಕಿದ್ರಿ. ಈಗ ಅವನು ನಿಮ್ಮ ಎದೆಯೊಳಗೇ ಕೈ ಹಾಕ್ತಾನೆ.”

ವೈದ್ಯರು ನಕ್ಕು, ಎದೆಮೂಳೆಯ ಹಿಂದಿನ ನೆರಳೊಂದನ್ನು ಸ್ಕ್ಯಾನ್ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರು. “ಇದು ಥೈಮಸ್ ಗ್ರಂಥಿ. ನಿಮ್ಮ ಉಗ್ರಾಣದ ಮೇಲಿನ ಕೋಣೆ ಅಂತಲೇ ಇಟ್ಕೊಳ್ಳಿ. ರೋಗದ ಜೊತೆ ಹೋರಾಡೋ ಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಕಲಿಯೋಕೆ ಇಲ್ಲಿಗೆ ಬರ್ತವೆ. ಇಲ್ಲೂ ಎರಡು ಪರೀಕ್ಷೆ ಸಾರ್. ನಮ್ಮ ದೇಹದ್ದೇ ಗುರುತನ್ನ ಮೆಲ್ಲಗೆ ಮುಟ್ಟಿ ಗುರುತಿಸಬೇಕು. ಗುರುತಿಸೋಕೇ ಬರದಿದ್ದನ್ನ ಯಾರೂ ಕರೆಯಲ್ಲ. ಅದು ಹಾಗೇ ಸಾಯುತ್ತೆ.”

“ಎರಡನೇದು?”

“ಗುರುತನ್ನ ತೀರಾ ಬಿಗಿಯಾಗಿ ಹಿಡಿದುಕೊಂಡ್ರೆ, ಅದು ಮುಂದೆ ನಮ್ಮ ದೇಹದ ಮೇಲೇ ಬೀಳುತ್ತೆ. ಅದಕ್ಕೆ ಅಲ್ಲೇ ಸಾವು. ನೂರರಲ್ಲಿ ಪಾಸಾಗಿ ಹೊರಗೆ ಬರೋದು ಮೂರೋ ನಾಲ್ಕೋ.”

ಮಾಸ್ತರರ ಇಳಿದ ರೆಪ್ಪೆ ಕೊಂಚ ಮೇಲೆದ್ದಂತೆ ಕಂಡಿತು. “ನನಗಿಂತ ಬಿಗಿ ಮೇಷ್ಟ್ರು.”

“ನಿಮ್ಮಲ್ಲಿ ಆ ಮೇಷ್ಟ್ರೇ ದಾರಿ ತಪ್ಪಿದ್ದಾರೆ. ವಯಸ್ಸಾದ ಹಾಗೆ ಈ ಕೋಣೆ ಕೊಬ್ಬಾಗಿ ಮುಚ್ಚಿಕೊಳ್ಳಬೇಕು. ನಿಮ್ಮದು ಊದಿಕೊಂಡು ತೆರೆದೇ ಇದೆ. ಇಲ್ಲಿಂದ ಕುಮ್ಮಕ್ಕು ಸಿಕ್ಕಿ, ನರ ಹೇಳೋ ಮಾತು ಸ್ನಾಯುವಿಗೆ ತಲುಪದ ಹಾಗೆ ತಡೆಯೋ ವಸ್ತು ರಕ್ತದಲ್ಲಿ ತಯಾರಾಗ್ತಿದೆ. ಅದಕ್ಕೇ ರೆಪ್ಪೆ, ತುಟಿ ಸೋಲ್ತಿರೋದು.”

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ,” ಎಂದರು ಹೆಂಡತಿ.

“ಹಾಗೇ ಅಮ್ಮ. ಗ್ರಂಥಿ ತೆಗೆಯೋದು ಒಳ್ಳೇದು.”

ಮಾಸ್ತರರಿಗೆ ಬೇಕಾಗಿದ್ದ ಉತ್ತರ ಒಂದೇ. “ಆಮೇಲೆ ಊದೋಕಾಗುತ್ತಾ?”

“ಭರವಸೆ ಕೊಡಲ್ಲ ಸಾರ್. ಆಗಬಹುದು. ಒಂದು ವರ್ಷ, ಎರಡು ವರ್ಷ ಹಿಡಿಯಬಹುದು. ಆಗದೇನೂ ಇರಬಹುದು.”

ಮಾಸ್ತರರು ಚಿತ್ರದ ಮೇಲಿನ ನೆರಳನ್ನು ತಾವೂ ಬೆರಳಿಟ್ಟು ಮುಟ್ಟಿದರು. ಉಗ್ರಾಣದ ಮೇಲಿನ ಕೋಣೆ ಮುಚ್ಚಿ ಏಳನೆಯ ವರ್ಷ ನಡೆಯುತ್ತಿತ್ತು. ಎದೆಯೊಳಗೊಂದು ಕೋಣೆ ಬಾಗಿಲು ತೆರೆದುಕೊಂಡೇ ಇದೆಯೆಂದರೆ, ಅದನ್ನೂ ಮುಚ್ಚಿಸಲು ಅವರಿಗೆ ಸಂಕಟವಾಯಿತು.

“ಬಿಗಿಯಾಗಿ ಹಿಡಿಯೋವೆಲ್ಲ ಸಾಯಲೇಬೇಕಾ?” ಎಂದು ಕೇಳಿದರು.

“ಎಲ್ಲವೂ ಇಲ್ಲ. ಅವುಗಳಲ್ಲೇ ಕೆಲವನ್ನ ಗ್ರಂಥಿ ಉಳಿಸಿಕೊಂಡು ಬೇರೆ ಕೆಲಸಕ್ಕೆ ಹಾಕುತ್ತೆ. ಉಳಿದವು ಜೋರು ಮಾಡಿದಾಗ ತಗ್ಗಿಸೋ ಕೆಲಸ.”

“ಅದು ನನಗೆ ಹೊಳೀಲೇ ಇಲ್ಲ ನೋಡು,” ಎಂದ ಮಾಸ್ತರರು ಎದ್ದು ನಿಂತರು. “ಯಾವತ್ತು ಬರ್ಲಿ?”

ಮಾರ್ಚ್ ೧೫, ಗುರುವಾರ ಶಸ್ತ್ರಚಿಕಿತ್ಸೆ ನಡೆಯಿತು. ಗಾಯ ಬೇಗ ಮಾಗಿತು, ತುಟಿ ಮಾಗಲಿಲ್ಲ. ಮಾತ್ರೆಗಳ ಆಸರೆಯಲ್ಲಿ ಒಂದು ಮಳೆಗಾಲ ಕಳೆಯಿತು, ಒಂದು ಚಳಿಗಾಲ ಕಳೆಯಿತು. ಕ್ಲ್ಯಾರಿನೆಟ್ ಪೆಟ್ಟಿಗೆಯಲ್ಲೇ ಇತ್ತು. ಮರುವರ್ಷದ ಬೇಸಿಗೆಯಲ್ಲಿ ಮಾಸ್ತರರು ಊಟದ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದರು. ಹೆಂಡತಿ ಇನ್ನೊಂದು ಸೌಟು ಬಡಿಸಿದರು.

೨೦೦೨ರ ಸೆಪ್ಟೆಂಬರ್ ೮, ಭಾನುವಾರ ಸಂಜೆ ವೈದ್ಯರು ಮನೆಗೆ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಟ್ರಂಪೆಟ್ಟಿತ್ತು. ಬರಹೇಳಿದವರು ಮಾಸ್ತರರೇ.

“ಕೋಣೆ ಇಲ್ಲ, ಮೆಟ್ಟಿಲು ಸಾಕು,” ಎಂದು ಅವರು ಹಿಂಬಾಗಿಲಲ್ಲಿ ಕುಳಿತು ಕ್ಲ್ಯಾರಿನೆಟ್ ಜೋಡಿಸಿದರು. “ನಿನ್ನ ಎರಡನೇ ಪರೀಕ್ಷೆ ಬಾಕಿ ಇದೆ.”

“ಸೊಳ್ಳೆ ಇಲ್ಲವಲ್ಲ ಸಾರ್.”

“ಇದ್ದಾನೆ. ಊದು.”

ಮಾಸ್ತರರ ಉಸಿರು ಹೊರಟಿತು. ಅದು ಮೊದಲಿನ ಉಸಿರಲ್ಲ. ದಾರದಷ್ಟು ತೆಳ್ಳಗೆ, ಅಲ್ಲಲ್ಲಿ ಗಂಟುಬಿದ್ದು ಬಂತು. ಪಕ್ಕದಲ್ಲಿ ನಿಂತ ವೈದ್ಯರು ಟ್ರಂಪೆಟ್ಟಿನ ಬಾಯನ್ನು ಗೋಡೆಯ ಕಡೆಗೆ ತಿರುಗಿಸಿ, ಆ ದಾರ ಎಲ್ಲಿ ತುಂಡಾಗುವುದೋ ಎಂದು ಕಿವಿಗೊಟ್ಟು, ಅದರ ಬೆನ್ನಹಿಂದೆಯೇ ನಡೆದರು. ನಡೆ ಪೂರ್ತಿ ಮುಗಿಯಿತು. ತುಟಿ ಸಡಿಲಲಿಲ್ಲ.

ಪರೀಕ್ಷಕರು ನಿಲ್ಲಬೇಕಾದ ಜಾಗದಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ, ಕೈಯಲ್ಲಿ ಒರೆಸಿ ಮುಗಿಸದ ಪಾತ್ರೆ ಹಿಡಿದು ಹೆಂಡತಿ ನಿಂತಿದ್ದರು. ಮಾಸ್ತರರು ತಿರುಗಿ ನೋಡಿದರು.

“ಕೇಳಿಸ್ತಾ?”

ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. “ಸೊಳ್ಳೆ ಕೇಳಿಸ್ತು,” ಎಂದರು. ಆಮೇಲೆ ವೈದ್ಯರ ಕಡೆ ತಿರುಗಿ, “ಮುಂದಿನ ಶನಿವಾರ ಬಾರಪ್ಪ,” ಎಂದರು.