ಅಂಚು ಬರೆಸುತ್ತಿದ್ದ ಮೇಷ್ಟ್ರು

ಮೊಮ್ಮಗಳ ಕಂಪಾಸು ಪೆಟ್ಟಿಗೆ ತೆರೆದರೆ ಹೊಸ ರಬ್ಬರಿನ ವಾಸನೆ. ಎಲ್ಲರಿಗೂ ಹಿತವೆನಿಸುವ ಆ ವಾಸನೆ ಬಂದರೆ ನಾನು ಇವತ್ತಿಗೂ ಪೆಟ್ಟಿಗೆ ಮುಚ್ಚಿಬಿಡುತ್ತೇನೆ. ಶಿರಾಳಕೊಪ್ಪದ ಮಿಡ್ಲ್‌ಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ಬಂದು ಎದುರಿಗೆ ನಿಲ್ಲುತ್ತಾರೆ...

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಪುಸ್ತಕದ ಮೇಲೆ ಗೀಚಿದರೆ ಸರಸ್ವತಿಗೆ ಅಪಚಾರವೆಂದು ಮನೆಯಲ್ಲಿ ಬೈಯುತ್ತಿದ್ದರು. ಈ ಮೇಷ್ಟ್ರದು ತದ್ವಿರುದ್ಧ. ಪ್ರತಿ ಪ್ಯಾರಾದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದಿರಲೇಬೇಕು. ತಿಳಿಯದ್ದು, ಒಪ್ಪದ್ದು, ಕೇಳಬೇಕೆನಿಸಿದ್ದು. ಶನಿವಾರ ಅದನ್ನೇ ಬೆಳೆಸಿ ಪ್ರಬಂಧ ಬರೆಯಬೇಕು. ಅಂಚು ಖಾಲಿಯಿದ್ದರೆ ಬೆರಳುಗಳ ನಡುವೆ ಪೆನ್ಸಿಲ್ ಇಟ್ಟು ಒತ್ತುತ್ತಿದ್ದರು. ಹಾಗಾಗಿ ಮೇಲಿನ ತರಗತಿಯವರು ಅಂಚಿನಲ್ಲಿ ಬರೆದಿದ್ದ ಪುಸ್ತಕಗಳಿಗೆ ಭಾರಿ ಗಿರಾಕಿ. ಹೊಸದು ಕೊಳ್ಳಬಲ್ಲವರೂ ಹಳೆಯದೇ ಬೇಕೆಂದು ಹಟ ಮಾಡುತ್ತಿದ್ದರು. ಮೇಷ್ಟ್ರಿಗೆ ಇದು ಗೊತ್ತಿಲ್ಲವೆಂದು ನಂಬಿದ್ದೆವು, ಪೆದ್ದರು.

ನನಗೆ ಸಿಕ್ಕಿದ್ದು ಅಕ್ಕನ ಪುಸ್ತಕ. ಅವಳೂ ಅವರ ಕೈಕೆಳಗೇ ಓದಿದವಳು. ಓದು ಬಿಡಿಸಿ ಆನವಟ್ಟಿ ಕಡೆ ಮದುವೆ ಮಾಡಿಕೊಟ್ಟಿದ್ದರು. ಮೊದಲ ಹೆರಿಗೆಯಲ್ಲೇ ಹೋದಳು. ನಮ್ಮ ಮನೆಯಲ್ಲಿ ಯಾರದೂ ಒಂದು ಫೋಟೊ ಇರಲಿಲ್ಲ. ಅಕ್ಷರ ಬಾರದ ಅವ್ವ ಸಂಜೆ ಪಕ್ಕದಲ್ಲಿ ಕೂತು, "ಅಕ್ಕಂದು ಓದು" ಎನ್ನುತ್ತಿದ್ದಳು. ಪಾಠ ಬಿಟ್ಟು ಅಂಚನ್ನಷ್ಟೇ ಓದುತ್ತಿದ್ದೆ. ಕೆಲವಕ್ಕೆ ಅವ್ವ ನಗುತ್ತಿದ್ದಳು.

ಒಂದು ದಿನ ಮೇಷ್ಟ್ರು ನನ್ನ ಪುಸ್ತಕ ಎತ್ತಿಕೊಂಡರು. ಎಲ್ಲರಿಗೂ ಬಡಿಸಿ ತಾನು ಕೊನೆಗೆ ಉಣ್ಣುವ ಗುಣವಂತೆಯೊಬ್ಬಳ ಪಾಠ. ಪಕ್ಕದಲ್ಲಿ ಅಕ್ಕ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಕೊನೆಗೆ ಏನು ಉಳಿದಿತ್ತು?"

ಹುಡುಗರು ನಕ್ಕರು.

"ಯಾರು ಕೇಳಿದ್ದು ಇದು?"

"ನಮ್ಮಕ್ಕ ಸಾರ್."

"ಎಲ್ಲಿದಾಳೆ?"

"ತೀರಿಕೊಂಡ್ಲು ಸಾರ್."

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಬಿಟ್ಟುಬಿಡುತ್ತಾರೆ ಅಂದುಕೊಂಡೆ. ಜೇಬಿನಿಂದ ರಬ್ಬರ್ ತೆಗೆದು ನನ್ನ ಮುಂದಿಟ್ಟರು.

"ಹಂಗಾರೆ ಅವಳ ಓದು ಮುಗೀತು. ಇನ್ನು ನೀ ಓದು. ಎಲ್ಲಾ ಅಳಿಸು."

ಮೊದಲ ಹಾಳೆಯಿಂದ ಕೊನೆಯವರೆಗೆ ಪಕ್ಕದಲ್ಲೇ ನಿಂತು ಅಳಿಸಿಸಿದರು. ಕಣ್ಣೀರು ಬಿದ್ದಲ್ಲಿ ಕಾಗದ ಕಿತ್ತು ಬರುತ್ತಿತ್ತು. "ಹರೀಬ್ಯಾಡ, ಸರ್ಕಾರದ ಕಾಗದ" ಎಂದರು. ಆ ಮನುಷ್ಯನಿಗೆ ಕರುಳು ಎಂಬುದು ಇತ್ತೋ ಇಲ್ಲವೋ.

ಮರುದಿನ ಅವ್ವ ಬಂದು ತರಗತಿಯ ಬಾಗಿಲಾಚೆ ನಿಂತಳು. "ನನ್ ಮಗಳದ್ದು ಅಂತ ಇದ್ದದ್ದು ಅದೊಂದೇ ರೀ."

ಮೇಷ್ಟ್ರು ಎದ್ದು ಕೈಮುಗಿದರು. "ತಪ್ಪು ತಿಳೀಬ್ಯಾಡ್ರಿ ತಾಯಿ. ಸತ್ತೋರ ತಲೇಲಿ ಈ ಹುಡುಗಿ ಎಷ್ಟು ದಿನ ಓದ್ಬೇಕು?"

ಅವ್ವ ಸೆರಗು ಹೊದ್ದು ಹೊರಟುಹೋದಳು. ಮತ್ತೆಂದೂ ಸಂಜೆ ನನ್ನ ಪಕ್ಕ ಕೂರಲಿಲ್ಲ.

ಆ ಖಾಲಿ ಅಂಚಿನಲ್ಲಿ ನಾನು ಬರೆಯತೊಡಗಿದೆ. ಸಿಟ್ಟಿಗೆ ಮೇಷ್ಟ್ರನ್ನೇ ಬೈದು ಬರೆದೆ. ಅದನ್ನೂ ಓದಿ, "ವಾಕ್ಯ ಗಟ್ಟಿಯಾಗೈತೆ" ಎಂದು ಮುಂದೆ ಹೋದರು. ಇವತ್ತು ನಾಲ್ಕು ಜನ ನನ್ನ ಬರಹ ಓದುತ್ತಿದ್ದರೆ ಅದು ಅವರಿಂದಲೇ. ಆದರೂ ಅವರಿಗೊಂದು ನಮಸ್ಕಾರ ಹೇಳಲು ನನಗೆ ಮನಸ್ಸು ಬರಲಿಲ್ಲ. ಸೊರಬಕ್ಕೆ ವರ್ಗವಾಗಿ ಹೋದವರು ಅಲ್ಲೇ ತೀರಿಕೊಂಡರಂತೆ...

ಅವ್ವ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ, "ಅವಳು ಬರ್ದಿದ್ದು ಒಂದಾದ್ರೂ ಹೇಳೆ" ಎಂದಳು. ಊಟದ್ದು ಹೇಳಿದೆ.

"ಅದು ಗೊತ್ತೈತೆ. ಬೇರೆ ಹೇಳು."

ಯೋಚಿಸಿ ಯೋಚಿಸಿ ಇನ್ನೊಂದು ಹೇಳಿದೆ. ಅವ್ವ ಗೋಡೆ ಕಡೆ ತಿರುಗಿದಳು. "ಅದು ನಿಂದು."

ಅವ್ವ ಹೋಗಿಯೂ ಬಹಳ ವರ್ಷಗಳಾದವು. ಈಗಲೂ ನೆನಪಿಸಿಕೊಳ್ಳಲು ಕೂರುತ್ತೇನೆ. ಸಾಲುಗಳೇನೋ ಬರುತ್ತವೆ, ಒಂದಕ್ಕಿಂತ ಒಂದು ಚೆನ್ನಾಗಿರುತ್ತವೆ. ಅಕ್ಕ ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.