ಬಜ್ಜಿ ತಟ್ಟೆಯ ಕಾಂತಶಾಸ್ತ್ರ

ಮೆಣಸಿನಕಾಯಿ ಬಜ್ಜಿಗೆ ದಿಕ್ಕಿದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ. ಕಡಲೆಹಿಟ್ಟಿನ ಅಂಗಿಯಿಂದ ತೊಟ್ಟು ಇಣುಕುವುದರಿಂದ ಅದರ ತಲೆ ಯಾವುದು, ಬಾಲ ಯಾವುದು ಎಂಬ ಅನುಮಾನವೇ ಬರುವುದಿಲ್ಲ. ಉರುಟು ಬೋಂಡಾಕ್ಕೆ ಆ ಭಾಗ್ಯವಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಜಯನಗರದ ನಮ್ಮ ನಡುಮನೆಯಲ್ಲಿ, ನನ್ನ ಭವಿಷ್ಯ ಈ ತೊಟ್ಟುಗಳ ಮೇಲೆ ನಿಂತಿತ್ತು.

ಆಗ ನಾನು ಕಾಂತೀಯ ವಸ್ತುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಬನಶಂಕರಿಯಿಂದ ಗಂಡಿನ ಕಡೆಯವರು ನೋಡಲು ಬಂದಿದ್ದರು. "ಸಂಶೋಧನೆ ಗಿಂಶೋಧನೆ ಅಂತ ಬಾಯಿ ಬಿಡ್ಬೇಡ" ಎಂದು ಅಮ್ಮ ಅಡುಗೆಮನೆಯಲ್ಲೇ ತಾಕೀತು ಮಾಡಿದ್ದಳು. ನನಗೋ, ಮದುವೆ ತಪ್ಪುವುದಕ್ಕಿಂತ ಥೀಸಿಸ್ ಕೈತಪ್ಪೀತೆಂಬ ಭಯ. ಬಜ್ಜಿ ತಟ್ಟೆ ಇಡುತ್ತಿದ್ದಂತೆ ಹುಡುಗನ ತಂದೆ, ಜೀವನವಿಡೀ ಲೆಕ್ಕಪತ್ರ ತಪಾಸಣೆ ಮಾಡಿ ನಿವೃತ್ತರಾದವರು, "ಏನು ಓದ್ತಾ ಇದ್ದೀಯಮ್ಮಾ?" ಎಂದು ಕೇಳಿಯೇಬಿಟ್ಟರು.

ಕೇಳಿದ್ದು ಅವರದೇ ತಪ್ಪು. ಕೆಲವು ವಸ್ತುಗಳಲ್ಲಿ ಪರಮಾಣುಗಳೆಲ್ಲ ಪುಟ್ಟ ಅಯಸ್ಕಾಂತಗಳು, ಅರ್ಧ ಒಂದು ಕಡೆಗೂ ಇನ್ನರ್ಧ ಎದುರು ಕಡೆಗೂ ಮುಖಮಾಡಿರುತ್ತವೆ ಎನ್ನುತ್ತ ನಾನು ಬಜ್ಜಿ ಜೋಡಿಸತೊಡಗಿದೆ. ಕೆಳಪದರದ ತೊಟ್ಟುಗಳೆಲ್ಲ ಅತಿಥಿಗಳ ಕಡೆ, ಮೇಲ್ಪದರದವೆಲ್ಲ ಅಮ್ಮನ ಕಡೆ ಇದ್ದರೆ ಎ ಬಗೆ. ಒಂದರ ಮೇಲೊಂದು ಕೂತವಕ್ಕೆ ಒಂದೇ ದಿಕ್ಕು, ಅಕ್ಕಪಕ್ಕದವು ಮಾತ್ರ ತಿರುಗುಮುರುಗಾದರೆ ಸಿ ಬಗೆ. ಮೇಲಿನವರು, ಕೆಳಗಿನವರು, ಪಕ್ಕದವರು, ಯಾರೊಂದಿಗೂ ಹೊಂದದೆ ಎಲ್ಲರಿಗೂ ಉಲ್ಟಾ ನಿಂತರೆ ಜಿ ಬಗೆ.

"ಬಿ ಎಲ್ಲಿ ಹೋಯ್ತಮ್ಮಾ?" ಎಂದರು ತಪಾಸಣೆಯವರು.

"ಬಿ ಅಂದ್ರೆ ಎಲ್ಲಾ ಒಂದೇ ಕಡೆ, ಅಂಕಲ್. ಅದು ಮಾಮೂಲಿ ಅಯಸ್ಕಾಂತ, ನನ್ನ ಸಬ್ಜೆಕ್ಟ್ ಅಲ್ಲ."

ಬಿಸಿ ಹೆಚ್ಚಾದರೆ ಈ ಶಿಸ್ತು ಕೆಡುತ್ತದೆ ಎನ್ನುತ್ತದೆ ಭೌತಶಾಸ್ತ್ರ. ಬಜ್ಜಿ ಆರುತ್ತಿದ್ದಂತೆ ಕೆಡುತ್ತಿದ್ದದ್ದು ಅಮ್ಮನ ಮುಖ.

"ಎಲ್ಲಾ ಕೂಡಿ ಕಳೆದ್ರೆ ಒಟ್ಟು ಎಷ್ಟಾಯ್ತು?" ತಪಾಸಣೆಯವರು ಬಿಡಲಿಲ್ಲ.

"ಸೊನ್ನೆ, ಅಂಕಲ್. ಆ ಕಡೆ ಎಷ್ಟೋ ಈ ಕಡೆನೂ ಅಷ್ಟೇ, ಒಂದಕ್ಕೊಂದು ವಜಾ."

"ಸೊನ್ನೆಗೋಸ್ಕರ ಇಷ್ಟು ಓದ್ಬೇಕಾ? ಮದ್ವೆ ಆದ್ಮೇಲೆ ಬಿಟ್ಬಿಡ್ತೀಯ ತಾನೆ?"

ಸೊನ್ನೆ ಎಂದರೆ ಏನೂ ಇಲ್ಲವೆಂದಲ್ಲ. ಹಗ್ಗಜಗ್ಗಾಟದಲ್ಲಿ ಹಗ್ಗ ಅಲುಗದೆ ನಿಂತಾಗಲೇ ಎರಡು ಕಡೆಯವರಿಗೂ ಬೆವರು ಹೆಚ್ಚು. ನಾನು ಇದನ್ನು ಹೇಳುವ ಮೊದಲೇ ನನ್ನ ಪರವಾಗಿ ಹೂಂ ಎನ್ನಲು ಅಮ್ಮ ಬಾಯಿ ತೆರೆದಳು.

ಅಷ್ಟರಲ್ಲಿ, ಅದುವರೆಗೂ ತಲೆ ತಗ್ಗಿಸಿ ಕೂತಿದ್ದ ಹುಡುಗ ಕೈಚಾಚಿ ಒಂದು ಬಜ್ಜಿ ಎತ್ತಿ ಬಾಯಿಗಿಟ್ಟ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. "ಅಪ್ಪಾ, ಈಗ ಸೊನ್ನೆ ಅಲ್ಲ ನೋಡಿ" ಎಂದ. "ಅವ್ರು ಓದು ಮುಗಿಸ್ಲಿ. ನಾನು ಕಾಯ್ತೀನಿ."

ತಂದೆ ಮಗನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಆಮೇಲೆ ಮಗ ತಿಂದದ್ದರ ಎದುರು ದಿಕ್ಕಿನದೊಂದನ್ನು ಹುಡುಕಿ ತೆಗೆದು ಕಚ್ಚಿದರು.

"ಲೆಕ್ಕ ಸರಿಹೋಯ್ತು" ಎಂದರು. "ಮುಗಿಸ್ಕೊಂಡೇ ಬಾಮ್ಮಾ."