ಮೊಮ್ಮಗಳ ಮಣಿಕಟ್ಟು, ನನ್ನ ಕೈಗುಣ

ನನ್ನ ಮೊಮ್ಮಗಳ ಬಲಗೈ ಮೂಳೆ ಬೆಳೆಯುತ್ತಿದೆ. ಇದನ್ನು ಮೊದಲು ಹೇಳಿಬಿಟ್ಟೇ ಮಿಕ್ಕಿದ್ದನ್ನು ಬರೆಯುತ್ತೇನೆ. ಇಲ್ಲದಿದ್ದರೆ ನನಗಾದ ಸಂಕಟ ಓದುವವರಿಗೂ ಆದೀತು. ಮೊನ್ನೆ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಆಗಿನಿಂದ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ. ಪಕ್ಕದ ಅಪಾರ್ಟ್‌ಮೆಂಟಿನ ಚೀನೀ ಅಜ್ಜಿಗೆ ನನ್ನ ಮಾತು ಒಂದಕ್ಷರವೂ ತಿಳಿಯುವುದಿಲ್ಲ, ಅವರಿಗೂ ಕೈ ತೋರಿಸಿ ತೋರಿಸಿ ಹೇಳಿದೆ. ಅವರು ನನ್ನ ಕೈಯನ್ನೇ ಹಿಡಿದುಕೊಂಡು ನಕ್ಕರು.

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಮಂಡ್ಯದ ಕಡೆ ಹಾಗೆ ಹುಟ್ಟಿದವರು ಮುಟ್ಟಿದರೆ ಉಳುಕು ಬಿಡುತ್ತದೆ ಎನ್ನುತ್ತಾರೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಊರಲ್ಲಿ ಮರ್ಯಾದೆ ಸಿಕ್ಕಿದ್ದು ಇದೊಂದರಿಂದಲೇ. ಸೊಂಟ ಹಿಡಿದವರು, ಕಾಲು ಹೊರಳಿಸಿಕೊಂಡವರು ಬೆಳಗಾಗುವುದರೊಳಗೆ ಜಗುಲಿಯ ಮೇಲೆ ಬಂದು ಕೂತಿರುತ್ತಿದ್ದರು. ನನಗೆ ಮಗ್ಗಿ ಬರಲಿಲ್ಲವೆಂದು ಬೆತ್ತದಲ್ಲಿ ಹೊಡೆದಿದ್ದ ಮೇಷ್ಟ್ರೂ ಒಮ್ಮೆ ಕುತ್ತಿಗೆ ಹಿಡಿದುಕೊಂಡು ಬಂದಿದ್ದರು. ಬೆಚ್ಚಗಿನ ಹರಳೆಣ್ಣೆ ಹಚ್ಚಿ, ಮೂರು ಸಲ ಕೆಳಮುಖವಾಗಿ ನೀವುತ್ತಿದ್ದೆ. ಕೈ ಉಳುಕಾದರೆ ಬೆರಳು ಬೆರಳಿಗೂ ನೆಟಿಗೆ ತೆಗೆದು ಕಳಿಸುತ್ತಿದ್ದೆ. ಎಷ್ಟೋ ಜನಕ್ಕೆ ವಾಸಿಯಾಗಿದೆ. ವಾಸಿಯಾಗದವರು ತಿರುಗಿ ಬಂದು ಹೇಳಲಿಲ್ಲವೇನೋ, ಅದು ಈಗ ಹೊಳೆಯುತ್ತಿದೆ.

ಅಮೆರಿಕದಲ್ಲಿರುವ ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದೆ. ಎಂಟು ವರ್ಷದ ಮೊಮ್ಮಗಳನ್ನು ಸ್ಕೂಲಿನಿಂದ ನಡೆಸಿಕೊಂಡು ಬರುವ ಕೆಲಸವನ್ನು ಬಂದ ಮಾರನೇ ದಿನವೇ ಕೇಳಿ ಪಡೆದುಕೊಂಡೆ. ಎರಡನೇ ವಾರ, ದಾರಿಯ ಪಾರ್ಕಿನಲ್ಲಿ ಅವಳು ಮೇಲಿನ ಕಂಬಿಗೆ ಜೋತುಬಿದ್ದು ಆಡುತ್ತಿದ್ದವಳು ಕೈ ಜಾರಿ ಬಿದ್ದಳು. ಬೀಳುವಾಗ ಅಂಗೈ ಊರಿದ್ದಳು. ಎದ್ದು ಬಂದು ಬಲಗೈಯನ್ನು ಎಡಗೈಯಲ್ಲಿ ಹಿಡಿದು, "ಇಟ್ ಹರ್ಟ್ಸ್ ಅಜ್ಜಿ" ಅಂದಳು.

"ಉಳುಕಿದೆ ಕಣವ್ವ. ಮನೆಗೆ ನಡಿ, ಒಂದು ಗಳಿಗೇಲಿ ತೆಗೀತೀನಿ" ಅಂದೆ.

ಮಗಳಿಗೆ ಫೋನು ಮಾಡಲಿಲ್ಲ. ಮೀಟಿಂಗಿನಲ್ಲಿರುತ್ತಾಳೆ, ಇಷ್ಟಕ್ಕೆಲ್ಲ ಯಾಕೆ ಗಾಬರಿಪಡಿಸಬೇಕು ಅನಿಸಿತು. ಅದು ಅರ್ಧ ನಿಜ. ಅವಳು ಬರುವುದರೊಳಗೆ ವಾಸಿಮಾಡಿ, ನೋಡು, ನಿನ್ನ ಅವ್ವನಿಗೆ ಇಲ್ಲೂ ಒಂದು ವಿದ್ಯೆ ಉಪಯೋಗಕ್ಕೆ ಬಂತು ಎಂದು ತೋರಿಸುವ ಆಸೆ ಇನ್ನರ್ಧ. ಊರಿನಿಂದ ತಂದಿದ್ದ ಎಣ್ಣೆಯನ್ನು ಸೌಟಿನಲ್ಲಿ ಬಿಸಿಮಾಡಿದೆ. ಮೂರು ಸಲ ನೀವಿದೆ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಎಳೆದೆ. ಹೆಬ್ಬೆರಳಿಗೆ ಬಂದಾಗ ಮಗು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಸಂಜೆಯಷ್ಟರಲ್ಲಿ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತ್ತು.

ಮಗಳು ಬಂದವಳೇ ನೋಡಿ, ಚಪ್ಪಲಿ ಕೂಡ ಬಿಡದೆ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ, ಕಿರುಬೆರಳ ಕಡೆಗೊಂದು, ಹೆಬ್ಬೆರಳ ಕಡೆಗೊಂದು. ಅಂಗೈ ಊರಿ ಬಿದ್ದರೆ ಭಾರವೆಲ್ಲ ಹೆಬ್ಬೆರಳ ಕಡೆಯದರ ಮೇಲೆ ಬೀಳುತ್ತದೆ. ಮಕ್ಕಳಿಗೆ ಆ ಮೂಳೆಯ ತುದಿಯಲ್ಲಿ ಮೆತ್ತನೆಯ ಒಂದು ಪದರ ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬಿರುಕು ಸರಿಯಾಗಿ ಅಲ್ಲೇ ಬಿಟ್ಟಿತ್ತು.

"ಸಾಮಾನ್ಯವಾಗಿ ಏನೂ ಆಗಲ್ವಂತೆ. ಅಪರೂಪಕ್ಕೆ ಆ ಮೂಳೆ ಬೆಳೆಯೋದು ನಿಂತ್ಹೋಗತ್ತಂತೆ. ಪಕ್ಕದ್ದು ಬೆಳೀತಾ ಹೋದ್ರೆ ಕೈ ಸೊಟ್ಟ ಆಗತ್ತೆ. ಆರು ತಿಂಗಳಾದ್ಮೇಲೇ ಗೊತ್ತಾಗೋದು" ಅಂದಳು ಮಗಳು.

ಹೆಬ್ಬೆರಳು ಎಳೆದವಳು ನಾನು.

ವಾಪಸು ಬರುವಾಗ ಫ್ರೀವೇ ಮೇಲೆ ಮಗಳು ಕೇಳಿದಳು. "ಕೈಯೆಲ್ಲ ಹರಳೆಣ್ಣೆ ವಾಸನೆ. ಹಚ್ಚಿದ್ಯಾ?"

"ಹಚ್ಚಿದೆ."

"ಎಳೆದ್ಯಾ?"

"ಇಲ್ಲ."

ಹಿಂದಿನ ಸೀಟಿನಲ್ಲಿದ್ದ ಮಗು ಏನೂ ಅನ್ನಲಿಲ್ಲ. ಮುಂದಿನ ವಾರದಿಂದ ಅವಳನ್ನು ಸ್ಕೂಲು ಮುಗಿದ ಮೇಲೆ ಡೇಕೇರಿಗೆ ಹಾಕಿದರು. "ನಿಂಗೂ ರೆಸ್ಟು ಸಿಗತ್ತವ್ವ" ಎಂದು ಮಗಳು ಮೆತ್ತಗೆ ಹೇಳಿದಳು. ಮಗುವನ್ನು ನನ್ನ ಕೈಗೆ ಕೊಡಲು ಅವಳಿಗೆ ಧೈರ್ಯವಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ನಿಜ ಗೊತ್ತಾದರೆ ಇನ್ನೆಂದೂ ಕೊಡಲಾರಳು ಎಂದು ಬಾಯಿ ಇನ್ನಷ್ಟು ಬಿಗಿಹಿಡಿದೆ.

ನಾಲ್ಕು ವಾರ ನೇರಳೆ ಬಣ್ಣದ ಗಟ್ಟಿ ಪ್ಲಾಸ್ಟರು ಹಾಕಿದ್ದರು. ಅದರ ಮೇಲೆ ಕ್ಲಾಸಿನ ಮಕ್ಕಳೆಲ್ಲ ಹೆಸರು ಬರೆದರು. ಬಿಚ್ಚಿದಾಗ ಒಳಗಿನ ಕೈ ಸಣ್ಣಗೆ, ಒಣಗಿ, ಬೇರೆ ಯಾರದೋ ಕೈಯ ಹಾಗಿತ್ತು. ವಾರದೊಳಗೆ ಮಗು ಮೊದಲಿನ ಹಾಗೆ ಬರೆದಳು, ಉಂಡಳು, ಕುಣಿದಳು. ನನಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಜಡೆ ಹಾಕುವ ನೆಪದಲ್ಲಿ ಎರಡೂ ಕೈ ಮುಂದೆ ಚಾಚಿಸಿ ಅಳತೆ ನೋಡುತ್ತಿದ್ದೆ. ಒಂದು ದಿನ ಬಲಗೈ ಗಿಡ್ಡ ಕಾಣುತ್ತಿತ್ತು, ಮಾರನೇ ದಿನ ಎಡಗೈ. ಲಿವರ್‌ಮೋರ್ ದೇವಸ್ಥಾನಕ್ಕೆ ಕರೆದುಕೊಂಡು ಹೋದಾಗ ದೇವರ ಮುಂದೆ ಎಲ್ಲ ಒಪ್ಪಿಕೊಂಡೆ. ದೇವರಿಗೆ ಹೇಳುವುದು ಸುಲಭ. ಮಗಳಿಗೆ ಹೇಳಲಾಗಲಿಲ್ಲ.

ಆರು ತಿಂಗಳ ಎಕ್ಸ್‌ರೇ ಎರಡು ಮೂರು ವಾರ ಮುಂಚೆಯೇ ಆಯಿತು, ನನ್ನ ಫ್ಲೈಟಿಗೆ ನಾಲ್ಕು ದಿನ ಇರುವಾಗ. ನಾನೂ ಬರುತ್ತೇನೆಂದು ಹಟ ಹಿಡಿದು ಹೋದೆ. ಡಾಕ್ಟರಮ್ಮ ಬರುವುದಕ್ಕೆ ಮುಂಚೆಯೇ ಪರದೆಯ ಮೇಲೆ ಮಗುವಿನ ಕೈ ಬೆಳ್ಳಗೆ ಮೂಡಿತ್ತು. ಗೋಡೆಯ ಮೇಲೆ ದೊಡ್ಡವರ ಕೈಯ ಚಿತ್ರ ಇತ್ತು. ಅದರ ಮಣಿಕಟ್ಟಿನಲ್ಲಿ ಬೆಣಚುಕಲ್ಲಿನಂಥ ಸಣ್ಣ ಮೂಳೆಗಳು, ಎಣಿಸಿದರೆ ಎಂಟು. ಮಗುವಿನದನ್ನು ಎಣಿಸಿದೆ, ಏಳು. ಮತ್ತೆ ಎಣಿಸಿದೆ, ಏಳೇ. ಒಂದನ್ನು ನಾನು ಎಳೆದು ಎಲ್ಲಿಗೋ ಕಳಿಸಿಬಿಟ್ಟೆ ಎಂದುಕೊಂಡೆ.

ಡಾಕ್ಟರಮ್ಮ ಒಳಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು ಕನ್ನಡದಲ್ಲೇ ಹೇಳಿಬಿಟ್ಟೆ. "ಅವತ್ತು ನಾನೇ ಅವಳ ಬೆರಳೆಲ್ಲ ಎಳೆದೆ. ಉಳುಕು ಅಂದ್ಕೊಂಡಿದ್ದೆ. ಒಂದು ಮೂಳೆ ಕಾಣ್ತಿಲ್ಲ."

ಮಗಳು ನನ್ನನ್ನೇ ನೋಡುತ್ತಾ ನಿಂತುಬಿಟ್ಟಳು, ಇಂಗ್ಲಿಷಿಗೆ ಮಾಡಬೇಕೆಂಬುದೂ ಅವಳಿಗೆ ಮರೆತುಹೋಗಿತ್ತು. ಆ ಕೆಲಸವನ್ನು ಮೊಮ್ಮಗಳು ಮಾಡಿದಳು. "ಷೀ ಪುಲ್ಡ್ ಇಟ್. ಲೈಕ್, ಎವ್ರಿ ಫಿಂಗರ್."

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಮಗಳು ಅವಳ ಕಡೆ ತಿರುಗಿದಳು.

"ನೋಬಡಿ ಆಸ್ಕ್ಡ್ ಮಿ" ಅಂದಳು ಮಗು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು. ಹೇಗೆ ಎಳೆದಿರಿ, ತೋರಿಸಿ ಎಂದು ತಮ್ಮ ಕೈ ಚಾಚಿದರು. ಅವರ ಕೈಯನ್ನು ಹಿಡಿದು ನೀವಿ, ಎಳೆದು ತೋರಿಸಿದೆ. ಅವರು ನೋಡಿಕೊಂಡು, ನಿಧಾನವಾಗಿ ಮಾತಾಡಿದರು. ಮಗಳು ಈಗ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು.

"ಎಳೆದಿದ್ದು ತಪ್ಪೇ ಅಂತೆ. ನೋವು ಜಾಸ್ತಿಯಾಗಿರತ್ತೆ, ಮೂಳೆ ಜರುಗ್ಲೂ ಬಹುದಿತ್ತಂತೆ. ಆದ್ರೆ ಮೊದಲ್ನೇ ಎಕ್ಸ್‌ರೇ ತೆಗೆದಿದ್ದು ನೀನು ಎಳೆದಾದ್ಮೇಲೆ ತಾನೆ? ಅದ್ರಲ್ಲಿ ಮೂಳೆ ಜಾಗ ಬಿಟ್ಟಿರ್ಲಿಲ್ವಂತೆ. ಬಿರುಕು ಬಿದ್ದಿದ್ದು ಕೆಳಗೆ ಬಿದ್ದಿದ್ದಕ್ಕೆ."

ಅವತ್ತೇ ಬಾಯಿಬಿಟ್ಟು ಕೇಳಿದ್ದರೆ ಈ ಮಾತು ಅವತ್ತೇ ಸಿಗುತ್ತಿತ್ತು. ಆರು ತಿಂಗಳು ಸುಮ್ಮನೆ ಬೆಂದೆ.

ಕಾಣದ ಎಂಟನೇ ಮೂಳೆ ಇನ್ನೂ ಗಟ್ಟಿಯಾಗಿಲ್ಲವಂತೆ. ಮೆತ್ತಗಿರುವುದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಇನ್ನೊಂದೆರಡು ವರ್ಷಕ್ಕೆ ತಾನೇ ಮೂಡುತ್ತದಂತೆ. ಆಮೇಲೆ ಡಾಕ್ಟರಮ್ಮ ಹೆಬ್ಬೆರಳ ಕಡೆಯ ಮೂಳೆಯನ್ನು ದೊಡ್ಡದು ಮಾಡಿ, ಅದರ ಅಡ್ಡಕ್ಕೆ ಕೂದಲೆಳೆಯಂಥ ಬಿಳಿ ಗೆರೆಯೊಂದನ್ನು ತೋರಿಸಿದರು. ಪೆಟ್ಟು ಬಿದ್ದಾಗ ಬೆಳವಣಿಗೆ ಸ್ವಲ್ಪ ದಿನ ತಡೆದು ನಿಂತ ಗುರುತು ಅದು. ಆಗ ಅದು ಬೆಳೆಯುವ ಪದರಕ್ಕೆ ಅಂಟಿಕೊಂಡೇ ಇರುತ್ತದೆ. ಈಗ ದೂರ ಸರಿದಿತ್ತು, ನಡುವೆ ಹೊಸ ಮೂಳೆ ಬಂದಿತ್ತು. ಗೆರೆ ಓರೆಯಾಗಿದ್ದರೆ ಒಂದು ಪಕ್ಕ ನಿಂತುಹೋಗಿದೆ ಎಂದು ಲೆಕ್ಕ. ಇದು ನೆಟ್ಟಗಿತ್ತು. ಹತ್ತಿರ ಹೋಗಿ ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನೆಟ್ಟಗೇ ಇತ್ತು. ನಾನು ಅಲ್ಲೇ ಕೂತು ಅತ್ತೆ. ಮಗು ಟಿಶ್ಯೂ ಡಬ್ಬವನ್ನು ಇಡಿಯಾಗಿ ತಂದು ನನ್ನ ಮಡಿಲಲ್ಲಿಟ್ಟಳು.

ಪಾರ್ಕಿಂಗಿನಲ್ಲಿ ಮಗಳು ಕಾರು ಸ್ಟಾರ್ಟು ಮಾಡದೆ ಕೂತಳು. "ಯಾಕವ್ವ ಮುಚ್ಚಿಟ್ಟೆ?"

"ಹೇಳಿದ್ರೆ ಮಗೂನ ಇನ್ನು ನನ್ನ ಹತ್ರ ಬಿಡಲ್ಲ ಅಂದ್ಕೊಂಡೆ. ಡೇಕೇರಿಗೆ ಹಾಕಿದ್ಯಲ್ಲ."

"ಅದಕ್ಕಲ್ಲವ್ವ ಹಾಕಿದ್ದು. ಅವತ್ತಿಂದ ನೀನು ಅವಳ ಕೈ ಮುಟ್ಟೋಕೇ ಹೆದರ್ತಿದ್ದೆ. ಗ್ರೋಸರಿ ಹತ್ರ ರಸ್ತೆ ದಾಟುವಾಗ್ಲೂ ಅವಳ ಶರ್ಟು ಹಿಡ್ಕೊಳ್ತಿದ್ದೆ. ನಿನ್ನ ಹೆಂಗೆ ಕಳಿಸ್ಲಿ ನಾನು?" ಅಂದಳು. ಆಮೇಲೆ ಕಾರು ಸ್ಟಾರ್ಟು ಮಾಡಿ, "ನಾಳೆಯಿಂದ ಡೇಕೇರು ಬೇಡ. ಊರಿಗೆ ಹೋಗೋವರೆಗೂ ನೀನೇ ಕರ್ಕೊಂಬಾ. ಆದ್ರೆ ಉಳುಕು ಗಿಳುಕು ಅಂದ್ರೆ ಮೊದಲು ನಂಗೆ ಫೋನು" ಅಂದಳು.

"ಮೀಟಿಂಗಿದ್ರೂ ಮಾಡ್ತೀನಿ" ಅಂದೆ.

ಮಾರನೇ ದಿನ ಅರ್ಧ ಗಂಟೆ ಮುಂಚೆಯೇ ಹೋಗಿ ಸ್ಕೂಲಿನ ಗೇಟಿನಲ್ಲಿ ನಿಂತೆ. ಗಂಟೆ ಹೊಡೆದು ಮಕ್ಕಳು ಹೊರಗೆ ಬಂದರು. ನನ್ನವಳು ಬ್ಯಾಗನ್ನು ನನ್ನ ಹೆಗಲಿಗೆ ಹೇರಿ ಬಲಗೈ ಚಾಚಿದಳು. ಹಿಡಿದುಕೊಂಡೆ. ಎರಡು ಹೆಜ್ಜೆ ಹಾಕಿ, "ಟೂ ಟೈಟ್, ಅಜ್ಜಿ" ಅಂದಳು. ಸ್ವಲ್ಪ ಸಡಿಲ ಮಾಡಿದೆ. ಮನೆ ಬರುವವರೆಗೂ ಬಿಡಲಿಲ್ಲ.